ಕಾಯಿಲೆ ಬಿದ್ದವರಿಂದ ರಾಜೀನಾಮೆ ಬರೆಸಿಕೊಳ್ಳುವುದನ್ನು ನಿಲ್ಲಿಸಿ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ನಮಸ್ಕಾರ.

ನಾನು ಕೇಳುತ್ತಿರುವುದು ಮುಖ್ಯವಾಗಿ ಒಂದೇ ವಿಷಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಮಿಕರೊಬ್ಬರು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಚಿಕಿತ್ಸೆಯಲ್ಲಿರುವಾಗ, ಅಥವಾ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟು ರಜೆಯಲ್ಲಿರುವಾಗ, ಕಂಪನಿ ಅವರಿಂದ ಬರೆಸಿಕೊಂಡ ರಾಜೀನಾಮೆ ತಾನಾಗಿಯೇ ಊರ್ಜಿತ ಆಗಬಾರದು. ಕಾರ್ಮಿಕ ಇಲಾಖೆಯ ಒಬ್ಬ ಅಧಿಕಾರಿ ಆ ಕಾರ್ಮಿಕರ ಜೊತೆ ನೇರವಾಗಿ ಮಾತಾಡಬೇಕು. 'ಹೌದು, ನಾನಾಗಿಯೇ ಬಿಟ್ಟಿದ್ದೇನೆ' ಎಂದು ಅವರ ಬಾಯಿಂದ ಕೇಳಿದ ಮೇಲೆಯೇ ಆ ಹಾಳೆಗೆ ಬೆಲೆ ಬರಬೇಕು. ಆಮೇಲೂ 15 ದಿನ ಅದನ್ನು ವಾಪಸ್ ಪಡೆಯಲು ಅವಕಾಶ ಇರಬೇಕು.

ಇದನ್ನು ಯಾಕೆ ಕೇಳುತ್ತಿದ್ದೇನೆ ಅಂದರೆ, ಕಾಯಿಲೆ ಬಿದ್ದ ಕಾರ್ಮಿಕರಿಗೆ ನಮ್ಮಲ್ಲಿ ಕಾನೂನೇ ಇಲ್ಲ ಎಂದು ಜನ ತಿಳಿದಿದ್ದಾರೆ. ಕಾನೂನು ಇದೆ. ಸಾಕಷ್ಟು ಒಳ್ಳೆಯ ಕಾನೂನೇ ಇದೆ. ಅದಷ್ಟನ್ನೂ ಒಂದು ಹಾಳೆ, ಒಂದು ಸಹಿ ಅಳಿಸಿಹಾಕುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ.

ನನ್ನ ತಂಗಿ ತುಮಕೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಳು. ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಲೈನಿನಲ್ಲಿ ಅದು ಕಷ್ಟದ ಆಪರೇಷನ್, ಕೈ ಕೂರಬೇಕು. ಸೇರಿ ನಾಲ್ಕು ವರ್ಷ ಆಗಿತ್ತು. ಸಂಬಳ ಸುಮಾರು 13,000 ರೂಪಾಯಿ. 2024ರ ಶುರುವಿನಲ್ಲಿ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಸಂಜೆಯಾದರೆ ಜ್ವರ, ತೂಕ ಇಳಿಯುತ್ತಾ ಬಂತು. ಡಿಸ್ಪೆನ್ಸರಿಗೆ ಹೋದಳು, ಅಲ್ಲಿಂದ ದೊಡ್ಡಾಸ್ಪತ್ರೆಗೆ ಕಳಿಸಿದರು. ಕಫ ಪರೀಕ್ಷೆ ಆಯಿತು. ಟಿಬಿ. ಡಾಕ್ಟರ್ ಚೆನ್ನಾಗಿಯೇ ತಿಳಿಸಿ ಹೇಳಿದರು: ಆರು ತಿಂಗಳು ಮಾತ್ರೆ ತಪ್ಪಿಸಬಾರದು, ಮಾತ್ರೆ ಸರಿಯಾಗಿ ತಗೊಂಡರೆ ಕೆಲವೇ ವಾರಗಳಲ್ಲಿ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ, ಈಗ ಸ್ವಲ್ಪ ದಿನ ರೆಸ್ಟ್ ಬೇಕು. ಇಎಸ್‌ಐ ಸರ್ಟಿಫಿಕೇಟ್ ಬರೆದುಕೊಟ್ಟರು. ಅದರ ಪ್ರತಿಯನ್ನು ಅವಳು ಫ್ಯಾಕ್ಟರಿಗೆ ತಲುಪಿಸಿದಳು.

ಮುಂದಿನ ವಾರ ಫೋನ್ ಬಂತು. 'ಆಫೀಸಿಗೆ ಒಂದ್ಸಲ ಬಂದು ಹೋಗು.'

ಎಚ್‌ಆರ್ ರೂಮಿನಲ್ಲಿ ಅವಳ ಮುಂದೆ ಇಟ್ಟ ಹಾಳೆಯ ಬಗ್ಗೆ ವಿವರವಾಗಿ ಹೇಳಬೇಕು, ಸಚಿವರೇ. ಆಮೇಲೆ ಅದರ ಜೆರಾಕ್ಸ್ ನಮ್ಮ ಕೈಗೂ ಬಂತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ನಾಲ್ಕು ಸಾಲು. ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ, ನನ್ನ ಲೆಕ್ಕವೆಲ್ಲ ಚುಕ್ತಾ ಆಗಿದೆ, ಕಂಪನಿಯ ಮೇಲೆ ಯಾವ ಕ್ಲೇಮೂ ಇಲ್ಲ ಅಂತ. ಹೆಸರು, ಟೋಕನ್ ನಂಬರ್ ಮಾತ್ರ ಪೆನ್ನಿನಲ್ಲಿ ತುಂಬಿದ್ದರು, ಅದು ಅವಳ ಕೈಬರಹ ಅಲ್ಲ. ಕೆಳಗೆ ಅವಳ ಸಹಿ ಕನ್ನಡದಲ್ಲಿ. ಸಹಿ ಹಾಕುವಾಗ ದಿನಾಂಕದ ಜಾಗ ಖಾಲಿ ಇತ್ತು. ನಮ್ಮ ಕೈಗೆ ಬಂದ ಪ್ರತಿಯಲ್ಲಿ ದಿನಾಂಕ ಇತ್ತು, ಇಎಸ್‌ಐ ಸರ್ಟಿಫಿಕೇಟ್‌ಗಿಂತ ಹಿಂದಿನ ದಿನಾಂಕ. ಅಂದರೆ ಕಾಗದದ ಪ್ರಕಾರ ಅವಳು ಹುಷಾರಾಗಿದ್ದಾಗಲೇ, ತನ್ನಿಷ್ಟದಿಂದ, ಕೆಲಸ ಬಿಟ್ಟುಹೋದವಳು.

ಅವಳನ್ನು ಯಾರೂ ಬೈಯಲಿಲ್ಲ, ಹೆದರಿಸಲಿಲ್ಲ. 'ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಪಿಎಫ್ ಬೇಗ ಬಿಡಿಸ್ಕೋಬಹುದು. ಹುಷಾರಾದ ಮೇಲೆ ಬಾ, ಹೊಸದಾಗಿ ಸೇರಿಸ್ಕೋತೀವಿ' ಅಂದರು. ಬ್ಯಾಚಿನಲ್ಲಿ ಬೇರೆ ಹೆಂಗಸರಿದ್ದಾರೆ, ಅವರಿಗೆ ಅಂಟಿದರೆ ಏನು ಗತಿ ಅಂತಲೂ ಅಂದರು. ಜ್ವರದಲ್ಲಿದ್ದ ಹುಡುಗಿ, ದುಡ್ಡಿನ ಚಿಂತೆ ಬೇರೆ, ತನ್ನಿಂದ ಇನ್ನೊಬ್ಬರಿಗೆ ರೋಗ ಬಂದೀತು ಎಂಬ ಭಯ. ಸಹಿ ಹಾಕಿದಳು. ಇದನ್ನು ಸ್ವಇಚ್ಛೆ ಅನ್ನುವುದಾದರೆ ಬಲವಂತ ಅನ್ನುವುದು ಯಾವುದಕ್ಕೆ?

ಈಗ ಆ ಸಹಿಯಿಂದ ಏನೇನು ಹೋಯಿತು ನೋಡಿ.

ಆಗ ಜಾರಿಯಲ್ಲಿದ್ದದ್ದು 1948ರ ಇಎಸ್‌ಐ ಕಾಯ್ದೆ. ಅದರ 73ನೇ ಕಲಂ ತುಂಬಾ ಸ್ಪಷ್ಟವಾಗಿತ್ತು. ಕಾರ್ಮಿಕರು ಕಾಯಿಲೆ ಭತ್ಯೆ ಪಡೆಯುತ್ತಿರುವಾಗ ಅಥವಾ ಕಾಯಿಲೆಗೆ ಚಿಕಿತ್ಸೆಯಲ್ಲಿರುವಾಗ ಮಾಲೀಕರು ಅವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಶಿಕ್ಷಿಸುವಂತಿಲ್ಲ. ಆ ಅವಧಿಯಲ್ಲಿ ಕೊಟ್ಟ ವಜಾ ನೋಟಿಸಿಗೆ ಬೆಲೆಯೇ ಇಲ್ಲ. ಇಷ್ಟು ಗಟ್ಟಿ ರಕ್ಷಣೆ ಇರುವ ಕಾರಣಕ್ಕೇ ನೋಟಿಸ್ ಕೊಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಕಂಪನಿ ತೆಗೆದರೆ ತಾನೇ ಕಾನೂನು ಮುರಿದ ಹಾಗೆ? ಕಾರ್ಮಿಕರೇ ಬಿಟ್ಟರೆ ಕೇಳುವವರು ಯಾರು?

ಇಲ್ಲಿ ಜನರಿಗೆ ಗೊತ್ತಿಲ್ಲದ ಇನ್ನೊಂದು ಮಾತಿದೆ. ಇಎಸ್‌ಐ ವ್ಯಾಪ್ತಿಯ ಕಾರ್ಮಿಕರು ಕಾಯಿಲೆ ಬಿದ್ದರೆ ಅವರಿಗೆ ದುಡ್ಡು ಕೊಡುವುದು ಕಂಪನಿ ಅಲ್ಲ, ಇಎಸ್‌ಐ ನಿಗಮ. ಅದಕ್ಕೆಂದೇ ಪ್ರತಿ ತಿಂಗಳು ಕಾರ್ಮಿಕರ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25 ಕಟ್ಟಿಸಿಕೊಳ್ಳುತ್ತಾರೆ. 2019ರ ಜುಲೈಗೆ ಮೊದಲು ಮಾಲೀಕರ ಪಾಲು ಶೇ 4.75 ಇತ್ತು, ಅದನ್ನು ಇಳಿಸಲಾಯಿತು. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ. ಟಿಬಿ, ಕ್ಯಾನ್ಸರ್, ಲಕ್ವ, ಕಿಡ್ನಿ ವೈಫಲ್ಯದಂಥ ದೀರ್ಘ ಕಾಯಿಲೆಗಳ ಪಟ್ಟಿಯೇ ಬೇರೆ ಇದೆ, 34 ಕಾಯಿಲೆ. ಎರಡು ವರ್ಷ ಇಎಸ್‌ಐ ವ್ಯಾಪ್ತಿಯ ಕೆಲಸದಲ್ಲಿದ್ದು, ಅಷ್ಟರಲ್ಲಿ 156 ದಿನದ ವಂತಿಗೆ ಕಟ್ಟಿದ್ದವರಿಗೆ ಶೇ 80ರಷ್ಟು, ಎರಡು ವರ್ಷದವರೆಗೂ ಸಿಗಬಹುದು. ಹಾಗಾಗಿ ನನ್ನ ತಂಗಿ ಆರು ತಿಂಗಳು ಮನೆಯಲ್ಲಿ ಕೂತಿದ್ದರೂ ಕಂಪನಿ ಅವಳಿಗೆ ಸಂಬಳ ಕೊಡಬೇಕಾಗಿರಲಿಲ್ಲ. ಅವಳ ಜಾಗ ಉಳಿಸಿಕೊಂಡಿದ್ದರೆ ಸಾಕಿತ್ತು. ಅಷ್ಟನ್ನೂ ಮಾಡಲಿಲ್ಲ ಅನ್ನುವುದೇ ನನಗೆ ಜಾಸ್ತಿ ನೋವು.

ಟಾರ್ಗೆಟ್ ಒತ್ತಡ ನನಗೂ ಗೊತ್ತು. ಒಬ್ಬ ಟೈಲರ್ ಇಲ್ಲದಿದ್ದರೆ ಲೈನ್ ಪೂರ್ತಿ ನಿಧಾನ ಆಗುತ್ತದೆ, ಸೂಪರ್‌ವೈಸರ್ ಮೇಲಿನವರಿಂದ ಬೈಸಿಕೊಳ್ಳುತ್ತಾರೆ. ಆ ಜಾಗಕ್ಕೆ ತಾತ್ಕಾಲಿಕವಾಗಿ ಇನ್ನೊಬ್ಬರನ್ನು ಹಾಕಿಕೊಳ್ಳಲಿ, ಯಾರು ಬೇಡ ಅಂದರು? ಹೆರಿಗೆ ರಜೆಗೆ ಹೋದವರ ಜಾಗದಲ್ಲಿ ಹಾಗೆಯೇ ಮಾಡಬೇಕಲ್ವಾ?

ಇನ್ನು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಕಂಪನಿ ಕೊಡುವ ದುಡ್ಡು. ಐದು ವರ್ಷ ಆಗಿರಲಿಲ್ಲವಲ್ಲ, ಹಾಗಾಗಿ ಅವಳಿಗೆ ಏನೂ ಬರಲ್ಲ ಅಂದರು. ನಾನೂ ನಂಬಿದ್ದೆ, ಎಲ್ಲರೂ ನಂಬುವುದು ಅದನ್ನೇ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆ ಓದಿದರೆ ಬೇರೆ ಮಾತಿದೆ. ಸಾವು ಅಥವಾ ಅಂಗವೈಕಲ್ಯದಿಂದ ಕೆಲಸ ಕೊನೆಯಾದರೆ ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ. ಅಂಗವೈಕಲ್ಯ ಅಂದರೆ ಕೈಕಾಲು ಕಳೆದುಕೊಳ್ಳುವುದಷ್ಟೇ ಅಲ್ಲ. ಅಪಘಾತದಿಂದಾಗಲಿ, ಕಾಯಿಲೆಯಿಂದಾಗಲಿ, ಮೊದಲು ಮಾಡುತ್ತಿದ್ದ ಕೆಲಸವನ್ನು ಮಾಡಲಾಗದ ಸ್ಥಿತಿ ಬಂದರೆ ಅದೂ ಸೇರುತ್ತದೆ ಎಂದು ಕಾಯ್ದೆಯೇ ವಿವರಿಸಿದೆ. 'ಇವಳ ಕೈಲಿ ಇನ್ನು ಈ ಕೆಲಸ ಆಗಲ್ಲ' ಅನ್ನುವುದೇ ಕಂಪನಿಯ ನಿಲುವಾಗಿದ್ದರೆ ಹಾಗಂತ ಬರೆದುಕೊಡಲಿ, ಗ್ರಾಚ್ಯುಟಿಯನ್ನೂ ಕೊಡಲಿ. 13,000 ಸಂಬಳಕ್ಕೆ ನಾಲ್ಕು ವರ್ಷದ ಲೆಕ್ಕ ಹಾಕಿದರೆ 30,000 ರೂಪಾಯಿ. ಕಂಪನಿಗೆ ಅದು ಒಂದು ದಿನದ ಡೀಸೆಲ್ ಖರ್ಚಿಗೂ ಸಮ ಅಲ್ಲದಿರಬಹುದು. ನಮ್ಮಂಥ ಮನೆಗೆ ಅದು ಆರು ತಿಂಗಳ ಬಾಡಿಗೆ. ಹಾಳೆಯ ಮೇಲೆ 'ವೈಯಕ್ತಿಕ ಕಾರಣ' ಅಂತ ಬಿದ್ದುಬಿಟ್ಟರೆ ಆ ವಾದಕ್ಕೇ ಜಾಗ ಇಲ್ಲ.

'ಹುಷಾರಾದ ಮೇಲೆ ಹೊಸದಾಗಿ ಸೇರಿಸ್ಕೋತೀವಿ' ಅನ್ನುವ ಮಾತಿನ ಅರ್ಥ ನನಗೆ ಹೊಳೆದದ್ದೂ ಆಗಲೇ. ಹೊಸದಾಗಿ ಸೇರಿದರೆ ಸರ್ವಿಸ್ ಸೊನ್ನೆಯಿಂದ ಶುರು. ಕಾಯಿಲೆಯ ರಜೆಯಲ್ಲಿದ್ದರೆ ಹಾಗಲ್ಲ. ಕಾಯಿಲೆ, ಅಪಘಾತ, ರಜೆಯಿಂದ ಕೆಲಸಕ್ಕೆ ಬಾರದ ದಿನಗಳಿಂದ ಸರ್ವಿಸ್ ಕಡಿದುಹೋಗುವುದಿಲ್ಲ ಎಂದು ಅದೇ ಗ್ರಾಚ್ಯುಟಿ ಕಾಯ್ದೆ ಹೇಳುತ್ತದೆ. ನಾಲ್ಕು ವರ್ಷ ಆದವರಿಗೆ ಐದು ತುಂಬುವ ಮೊದಲು ಹೀಗೆ ಬ್ರೇಕ್ ಕೊಡಿಸುವುದು ಗಾರ್ಮೆಂಟ್ಸ್‌ನಲ್ಲಿ ದುಡಿದ ಯಾರಿಗೂ ಹೊಸ ಸಂಗತಿ ಅಲ್ಲ. ಕಾಯಿಲೆ ಅದಕ್ಕೆ ಒಳ್ಳೆಯ ನೆಪ ಆಗುತ್ತದೆ, ಅಷ್ಟೇ.

ಕೆಲಸ ಕಳೆದುಕೊಂಡವರಿಗೆ ಇಎಸ್‌ಐನಲ್ಲೇ ಒಂದು ಯೋಜನೆ ಇದೆ, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರಲ್ಲಿ ಶುರುವಾಯಿತು. ಮೊದಲು ಸರಾಸರಿ ಗಳಿಕೆಯ ಶೇ 25 ಕೊಡುತ್ತಿದ್ದರು, ಕೋವಿಡ್ ಕಾಲದಲ್ಲಿ ಶೇ 50 ಮಾಡಿದರು. ಜೀವಮಾನದಲ್ಲಿ ಒಂದು ಸಲ, ಹೆಚ್ಚೆಂದರೆ 90 ದಿನ. ಆದರೆ ದುರ್ನಡತೆಯ ಶಿಕ್ಷೆಯಾಗಿ ಕೆಲಸ ಹೋಗಿದ್ದರೆ, ವಯಸ್ಸಾಗಿ ಅಥವಾ ಸ್ವಇಚ್ಛೆಯಿಂದ ನಿವೃತ್ತಿ ಆಗಿದ್ದರೆ ಇದು ಸಿಗುವುದಿಲ್ಲ. 'ನನ್ನ ಇಷ್ಟದಿಂದ ಬಿಟ್ಟೆ' ಎಂದು ಸಹಿ ಹಾಕಿಕೊಟ್ಟವರು ಯಾವ ಮುಖ ಇಟ್ಟುಕೊಂಡು ಆ ಕೌಂಟರಿಗೆ ಹೋಗಬೇಕು? ರಿಟ್ರೆಂಚ್‌ಮೆಂಟ್ (ಮಾಲೀಕರೇ ಕೆಲಸದಿಂದ ತೆಗೆಯುವುದು) ಪರಿಹಾರದ ಕಥೆಯೂ ಅಷ್ಟೇ. ವರ್ಷಕ್ಕೆ 15 ದಿನದ ಸಂಬಳ ಕೊಡಬೇಕಾದದ್ದು ಮಾಲೀಕರು ತೆಗೆದಾಗ, ತಾವಾಗಿ ಬಿಟ್ಟವರಿಗಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೀರ್ಘ ಅನಾರೋಗ್ಯದ ಕಾರಣಕ್ಕೆ ಮಾಲೀಕರೇ ತೆಗೆದರೂ ಅದು ರಿಟ್ರೆಂಚ್‌ಮೆಂಟ್ ಅಲ್ಲ ಎಂದಿತ್ತು. ಕಾಯಿಲೆಯವರ ವಿಷಯದಲ್ಲಿ ಆ ಕಾಯ್ದೆ ಕಠಿಣವಾಗಿತ್ತು, ಅನ್ಯಾಯವೂ ಆಗಿತ್ತು ಎಂದೇ ನನ್ನ ಅಭಿಪ್ರಾಯ.

ಕಾಯಿಲೆಯಿಂದ ಅಂಗವಿಕಲರಾದವರು ಸರ್ಕಾರಿ ನೌಕರರಾಗಿದ್ದರೆ? ನೌಕರಿಯಲ್ಲಿರುವಾಗ ಅಂಗವಿಕಲರಾದವರನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ಹುದ್ದೆ ಇಲ್ಲದಿದ್ದರೆ ಅವರಿಗೆಂದೇ ಹೆಚ್ಚುವರಿ ಹುದ್ದೆ ಸೃಷ್ಟಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಇದು. ಬಹಳ ಒಳ್ಳೆಯ ಕಲಂ, ಅವರಿಗೆ ಸಿಗುವುದು ನನಗೂ ಸಂತೋಷವೇ. ಲಕ್ವ ಹೊಡೆದ ಗುಮಾಸ್ತರಿಗೂ ಲಕ್ವ ಹೊಡೆದ ಟೈಲರ್‌ಗೂ ಮನೆಯಲ್ಲಿ ಒಲೆ ಒಂದೇ ರೀತಿ ಉರಿಯಬೇಕು. ಖಾಸಗಿಯವರಿಗೆ ಅಷ್ಟೇ ಕೊಡಿ ಅಂತ ಕೇಳುವಷ್ಟು ದೂರ ನಾನು ಇವತ್ತು ಹೋಗುತ್ತಿಲ್ಲ. ಇರುವುದನ್ನು ಕಿತ್ತುಕೊಳ್ಳದಂತೆ ನೋಡಿಕೊಳ್ಳಿ ಅನ್ನುತ್ತಿದ್ದೇನೆ.

ನಾವು ಸುಮ್ನೆ ಕೂರಲಿಲ್ಲ. ಕಾರ್ಮಿಕ ಇಲಾಖೆಯಲ್ಲಿ ರಾಜಿ ಸಂಧಾನಕ್ಕೆ ಅರ್ಜಿ ಹಾಕಿದೆವು. ಕಂಪನಿ ಕಡೆಯವರು ಬಂದು ಆ ಹಾಳೆ ತೋರಿಸಿದರು. ಅಧಿಕಾರಿ ನಮ್ಮ ಕಡೆ ನೋಡಿ 'ಇವರೇ ಬರೆದುಕೊಟ್ಟಿದ್ದಾರಲ್ಲಮ್ಮ' ಅಂದರು. ಸರ್ಟಿಫಿಕೇಟ್ ತೋರಿಸಿದೆವು, ದಿನಾಂಕದ ವಿಷಯ ಹೇಳಿದೆವು. ಕೋರ್ಟಿಗೆ ಹೋಗಿ ಸಾಬೀತು ಮಾಡಿ ಅಂದರು. ಆ ಹೊತ್ತಿಗೆ ತಂಗಿಯ ಚಿಕಿತ್ಸೆ ಮುಗಿದಿತ್ತು, ಪೂರ್ತಿ ವಾಸಿಯಾಗಿತ್ತು. ಕೋರ್ಟಿಗೆ ಅಲೆಯುವ ಶಕ್ತಿ ನನಗಿಲ್ಲಕ್ಕಾ ಅಂದಳು. ಈಗ ಒಂದು ಸಣ್ಣ ಯೂನಿಟ್‌ನಲ್ಲಿ ಪೀಸ್ ರೇಟಿಗೆ ಹೊಲಿಯುತ್ತಾಳೆ. ಅಲ್ಲಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಮತ್ತೆ ಕಾಯಿಲೆ ಬಿದ್ದರೆ ತೋರಿಸಲು ಕಾರ್ಡೇ ಇಲ್ಲ.

ಅದಕ್ಕೇ ಸಾಬೀತು ಮಾಡುವ ಹೊಣೆ ತಿರುಗಬೇಕು ಎನ್ನುತ್ತೇನೆ. ಕಾರ್ಮಿಕರು ತಾವಾಗಿಯೇ ಬಿಟ್ಟರು ಎಂದು ಕಂಪನಿ ಇಲಾಖೆಯ ಮುಂದೆ ತೋರಿಸಲಿ. ಕೆಲಸ ಬಿಟ್ಟು ಬೀದಿಗೆ ಬಿದ್ದ ಮೇಲೆ, ಬಲವಂತದಿಂದ ಸಹಿ ಹಾಕಿಸಿಕೊಂಡರು ಎಂದು ಕಾರ್ಮಿಕರು ಸಾಕ್ಷಿ ಹುಡುಕುತ್ತಾ ಅಲೆಯುವಂತೆ ಆಗಬಾರದು.

ಇದು ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಇಎಸ್‌ಐ ವೆಬ್‌ಸೈಟಿನಲ್ಲಿ ಕಂಪನಿಗಳು ಪ್ರತಿ ತಿಂಗಳು ವಂತಿಗೆ ತುಂಬುವಾಗ, ಒಬ್ಬರು ಒಂದು ದಿನವೂ ಕೆಲಸ ಮಾಡಿಲ್ಲ ಅಂದರೆ ಕಾರಣ ಆರಿಸಬೇಕು. ರಜೆಯಲ್ಲಿದ್ದಾರೆ ಅಂತಲೂ ಆರಿಸಬಹುದು, ಕೆಲಸ ಬಿಟ್ಟಿದ್ದಾರೆ ಅಂತಲೂ ಆರಿಸಬಹುದು. ಡಾಕ್ಟರ್ ಕೊಡುವ ಸರ್ಟಿಫಿಕೇಟ್ ಕೂಡ ಅದೇ ವಿಮಾ ನಂಬರಿನ ಮೇಲೆಯೇ ಇರುತ್ತದೆ. ಒಂದು ಕಡೆ ಚಿಕಿತ್ಸೆಯಲ್ಲಿದ್ದಾರೆ, ಇನ್ನೊಂದು ಕಡೆ ಕೆಲಸ ಬಿಟ್ಟಿದ್ದಾರೆ ಅಂತ ಬಂದರೆ ಇಲಾಖೆಗೆ ಆ ಕ್ಷಣವೇ ಗೊತ್ತಾಗುವಂತೆ ಮಾಡಿ, ಕಾರ್ಮಿಕರ ಮೊಬೈಲಿಗೆ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಲು ಎಷ್ಟು ಖರ್ಚಾದೀತು? ನಿಗಮ ಕೇಂದ್ರದ್ದು, ನಿಜ. ಆದರೆ ರಾಜ್ಯದ ಹೆಚ್ಚಿನ ಡಿಸ್ಪೆನ್ಸರಿಗಳನ್ನು ನಡೆಸುವುದು ನಿಮ್ಮದೇ ಇಲಾಖೆ. ಗಾರ್ಮೆಂಟ್ ಫ್ಯಾಕ್ಟರಿಗಳ ಮೇಲೆ ತಪಾಸಣೆ ಮಾಡುವುದೂ ರಾಜ್ಯವೇ. ಕೇಂದ್ರದ ಕಡೆ ಕೈ ತೋರಿಸಿ ಬಿಡುವ ವಿಷಯ ಇದಲ್ಲ.

ಸಮಯವೂ ಈಗ ಸರಿಯಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು (ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ಹೊಸ ಕಾನೂನುಗಳು) ಜಾರಿಗೆ ಬಂದಿವೆ. ಇಎಸ್‌ಐ, ಗ್ರಾಚ್ಯುಟಿ ಎರಡೂ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ನಿಗದಿತ ಅವಧಿಗೆ ಸೇರಿದ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂಬ ಒಳ್ಳೆಯ ಬದಲಾವಣೆಯೂ ಅದರಲ್ಲಿದೆ. ಹಳೆಯ 73ನೇ ಕಲಂ ಕೊಟ್ಟಿದ್ದ ರಕ್ಷಣೆ ಈ ಬದಲಾವಣೆಯ ನಡುವೆ ಒಂದು ಎಳೆಯೂ ತೆಳುವಾಗಬಾರದು. ರಾಜ್ಯದ ನಿಯಮದಲ್ಲಿ, ಸುತ್ತೋಲೆಯಲ್ಲಿ, ಎಲ್ಲಿ ಸಾಧ್ಯವೋ ಅಲ್ಲಿ, ಸರಳ ಕನ್ನಡದಲ್ಲಿ ಅದನ್ನು ಬರೆಸಿ. ಅದರ ನಕಲು ಪ್ರತಿಯೊಂದು ಫ್ಯಾಕ್ಟರಿಯ ನೋಟಿಸ್ ಬೋರ್ಡಿನ ಮೇಲೆ ಇರಲಿ.

ಹಾಗೆಯೇ ಒಂದು ಮಾತು ದೆಹಲಿಗೆ ತಲುಪಿಸಿ. ಇಎಸ್‌ಐಗೆ ಸೇರಲು ಇರುವ 21,000 ರೂಪಾಯಿ ಸಂಬಳದ ಮಿತಿ 2017ರ ಜನವರಿಯದು. ಅಲ್ಲಿಂದ ಇಲ್ಲಿಗೆ ಬಾಡಿಗೆ, ಅಕ್ಕಿ, ಬಸ್ ಚಾರ್ಜ್ ಎಲ್ಲಿಗೆ ಹೋಯಿತು ಎಂದು ನಿಮಗೆ ಹೇಳಬೇಕಾಗಿಲ್ಲ. ಸಂಬಳ ಸ್ವಲ್ಪ ಜಾಸ್ತಿ ಆದರೆ ಖುಷಿಪಡಬೇಕು. ನಮ್ಮಲ್ಲಿ ಜನ ಹೆದರುತ್ತಾರೆ, ಕಾರ್ಡ್ ಹೋಗುತ್ತಲ್ಲ ಅಂತ. ಆ ಮಿತಿ ದಾಟಿದವರ ಪಾಡು ಐಟಿ ಕಂಪನಿಗಳಲ್ಲೂ ಕಾಣುತ್ತೇವೆ. ಆಪರೇಷನ್ ಮಾಡಿಸಿಕೊಂಡು ಬಂದ ಹುಡುಗರನ್ನು ಪರ್ಫಾರ್ಮೆನ್ಸ್ ಸರಿಯಿಲ್ಲ ಅಂತ ಪಟ್ಟಿಗೆ ಹಾಕುತ್ತಾರೆ, ಎರಡು ತಿಂಗಳಲ್ಲಿ ಅವರೂ 'ಸ್ವಇಚ್ಛೆಯಿಂದ' ಬಿಡುತ್ತಾರೆ. ಕೆಲಸದ ಕೊನೆಯ ದಿನವೇ ಕಂಪನಿಯ ಗ್ರೂಪ್ ವಿಮೆಯೂ ಕೊನೆ. ಅದೇ ವಿಮಾ ಕಂಪನಿಯಲ್ಲಿ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶ ಇದೆ ಎಂದು ಬಿಟ್ಟುಹೋಗುವವರಿಗೆ ಯಾರೂ ಹೇಳುವುದಿಲ್ಲ. ಹೇಳುವುದನ್ನು ಕಡ್ಡಾಯ ಮಾಡಿದರೆ ಎಷ್ಟೋ ಮನೆ ಉಳಿಯುತ್ತವೆ.

2025ರ ಅಕ್ಟೋಬರ್‌ನಲ್ಲಿ ನಿಮ್ಮ ಸಚಿವ ಸಂಪುಟ ವರ್ಷಕ್ಕೆ 12 ದಿನ ವೇತನ ಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿತು. ಖಾಸಗಿ ಕಂಪನಿಗಳ ಹೆಣ್ಣುಮಕ್ಕಳನ್ನೂ ಅದರಲ್ಲಿ ಸೇರಿಸಿದ್ದು ನಮಗೆಲ್ಲ ನಿಜಕ್ಕೂ ಸಮಾಧಾನ ಕೊಟ್ಟಿತು. ಹೆಣ್ಣುಮಕ್ಕಳ ಮೈಕಷ್ಟ ಅರ್ಥ ಆಗುವ ಸರ್ಕಾರಕ್ಕೆ ಇದು ಅರ್ಥವಾಗದ ವಿಷಯ ಅಲ್ಲ ಎಂಬ ನಂಬಿಕೆಯಿಂದಲೇ ಬರೆಯುತ್ತಿದ್ದೇನೆ. ಗಾರ್ಮೆಂಟ್ಸ್ ಹೆಂಗಸರು ಏನು ಎಂದು ಈ ಊರು 2016ರ ಏಪ್ರಿಲ್‌ನಲ್ಲಿ ನೋಡಿದೆ. ಪಿಎಫ್‌ನಲ್ಲಿರುವ ಮಾಲೀಕರ ಪಾಲು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂಬ ನಿಯಮ ಬಂದಾಗ ಅವರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ಪಡೆಯಿತು. ಕಾಯಿಲೆ ಬಿದ್ದವರು ಹಾಗೆ ರಸ್ತೆಗೆ ಇಳಿಯಲಾರರು. ಒಬ್ಬೊಬ್ಬರಾಗಿ, ಒಂದೊಂದು ಎಚ್‌ಆರ್ ರೂಮಿನಲ್ಲಿ, ಸದ್ದಿಲ್ಲದೆ ಅವರನ್ನು ಕಳಿಸಿಬಿಡುತ್ತಾರೆ. ಅದಕ್ಕೇ ಅವರ ಪರವಾಗಿ ಸರ್ಕಾರವೇ ಆ ರೂಮಿನೊಳಗೆ ಇರಬೇಕು.

ಈ ಪತ್ರವನ್ನು ಓದುತ್ತಿರುವ ಕಾರ್ಮಿಕರಿಗೂ ಎರಡು ಮಾತು. ಚಿಕಿತ್ಸೆಯಲ್ಲಿರುವಾಗ ಆಫೀಸಿಗೆ ಕರೆದರೆ ಒಬ್ಬರೇ ಹೋಗಬೇಡಿ. ಓದಲು ಬಾರದ ಭಾಷೆಯ ಹಾಳೆಗೆ, ದಿನಾಂಕ ಇಲ್ಲದ ಹಾಳೆಗೆ ಸಹಿ ಹಾಕಬೇಡಿ. ಮನೆಗೆ ಒಯ್ದು ಓದಿಸಿ ತರುತ್ತೇನೆ ಅನ್ನಿ. ಸರ್ಟಿಫಿಕೇಟನ್ನು ಕೈಯಲ್ಲಿ ಕೊಟ್ಟು ಬರಬೇಡಿ. ಫೋಟೊ ತೆಗೆದಿಟ್ಟುಕೊಂಡು, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಆ ರಸೀದಿಯನ್ನು ಜೋಪಾನ ಮಾಡಿ. ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ ಕೈಚೆಲ್ಲಬೇಡಿ. ಒತ್ತಡದಲ್ಲಿ ಹಾಕಿಸಿಕೊಂಡರು, ವಾಪಸ್ ಪಡೆಯುತ್ತಿದ್ದೇನೆ ಎಂದು ಆ ವಾರದಲ್ಲೇ ಬರೆದು ಕಳಿಸಿ. ಕಾಯಿಲೆ ಭತ್ಯೆ ನೀವು ಹಿಂದೆ ಕಟ್ಟಿದ ವಂತಿಗೆಯ ಮೇಲೆ ನಿಂತಿರುವುದು. ಕೆಲಸ ಹೋಯಿತು ಎಂದು ಅದನ್ನು ಕೇಳದೆ ಬಿಡಬೇಡಿ, ನನ್ನ ತಂಗಿಗೆ ತಡವಾಗಿಯಾದರೂ ಬಂತು. ವಕೀಲರಿಗೆ ದುಡ್ಡಿಲ್ಲ ಅನ್ನುವ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಮತ್ತು ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. 1987ರ ಕಾನೂನು ಸೇವೆಗಳ ಕಾಯ್ದೆ ಕೊಟ್ಟ ಹಕ್ಕು ಅದು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಇದು ನಮಗೆ ಮೊದಲೇ ಗೊತ್ತಿದ್ದರೆ ತಂಗಿ ಕೋರ್ಟಿಗೆ ಹೋಗಲು ಅಷ್ಟು ಹಿಂಜರಿಯುತ್ತಿರಲಿಲ್ಲವೇನೋ.

ಸಚಿವರೇ, ನಮ್ಮ ಕೇಸನ್ನು ಮತ್ತೆ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಚಿಕಿತ್ಸೆಯಲ್ಲಿರುವವರ ರಾಜೀನಾಮೆಯನ್ನು ಇಲಾಖೆ ಖಚಿತಪಡಿಸಿಕೊಳ್ಳಬೇಕು ಎಂಬ ಒಂದು ಆದೇಶ ಹೊರಡಿಸಿ. ಮೊದಲು ಬೆಂಗಳೂರು, ರಾಮನಗರ, ಮಂಡ್ಯ ಕಡೆಯ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಜಾರಿ ಮಾಡಿ ನೋಡಿ. ಕಳೆದ ಎರಡು ವರ್ಷದಲ್ಲಿ ಇಎಸ್‌ಐ ಸರ್ಟಿಫಿಕೇಟ್ ಪಡೆದ ಆಸುಪಾಸಿನಲ್ಲೇ ಕೆಲಸ 'ಬಿಟ್ಟವರು' ಎಷ್ಟು ಮಂದಿ ಎಂಬ ಲೆಕ್ಕ ತರಿಸಿಕೊಳ್ಳಿ. ಆ ಲೆಕ್ಕವನ್ನು ಸದನದ ಮುಂದೆ ಇಡಿ.

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ,
ಒಬ್ಬ ಗಾರ್ಮೆಂಟ್ ಕಾರ್ಮಿಕಳ ಅಕ್ಕ
ಬೆಂಗಳೂರು